ಉತ್ತರ ಬರೆಯೋದು ನಾನು, ಸಹಿ ಹಾಕೋದು ವಕೀಲರು. ಎಲ್‌ಎಲ್‌ಬಿ ಇಲ್ಲದೆ ಕಾನೂನಿನ ಮಾಸ್ಟರ್ಸ್ ಮಾಡಿದರೆ ಪ್ರಯೋಜನ ಇದೆಯಾ?

ಹಲಸಿನ ತೊಳೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬಿ.ಕಾಂ, ಆಮೇಲೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಮಾಸ್ಟರ್ಸ್). ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಕೆಲಸ, ಒಂಬತ್ತು ವರ್ಷ ಆಯ್ತು. ವಯಸ್ಸು 35, ಮಗಳು ಮೂರನೇ ಕ್ಲಾಸು.

ಎರಡು ವರ್ಷದ ಹಿಂದೆ ನಮ್ಮ ಕ್ಯಾಂಟೀನ್ ಗುತ್ತಿಗೆದಾರ 26 ಜನರಿಗೆ ಎರಡು ತಿಂಗಳ ಸಂಬಳ ಕೊಡದೆ ಫೋನ್ ಸ್ವಿಚ್ ಆಫ್ ಮಾಡಿಕೊಂಡ. ಹೆಂಗಸರು ಬೆಳಗ್ಗೆ ಏಳಕ್ಕೇ ಗೇಟಿನ ಮುಂದೆ ಬಂದು ಕೂತರು, ಊಟದ ಡಬ್ಬಿ ಸಮೇತ, ಅಂದರೆ ಸಂಜೆವರೆಗೂ ಏಳುವುದಿಲ್ಲ ಅಂತಲೇ ಬಂದಿದ್ದರು. ನಮ್ಮ ಮ್ಯಾನೇಜರ್ "ಅವರು ನಮ್ಮ ಜನ ಅಲ್ಲ" ಅಂದುಬಿಟ್ಟರು. ಮಾರನೇ ದಿನ ಕಾರ್ಮಿಕ ಇಲಾಖೆಯಿಂದ ನೋಟಿಸ್ ಬಂತು. ನಾನು ರಾತ್ರಿ ಕೂತು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಓದಿದೆ. ಸೆಕ್ಷನ್ 21, ನಾಲ್ಕನೇ ಉಪವಿಭಾಗ. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು, ಆಮೇಲೆ ಅದನ್ನು ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದು. ಅಷ್ಟೇ ವಿಷಯ. ಬೆಳಗ್ಗೆ ಅದನ್ನೆಲ್ಲ ಬರೆದು, ಉತ್ತರದ ಕರಡನ್ನೂ ತಯಾರು ಮಾಡಿ ಕೊಟ್ಟೆ. ಅವರು ಬೆಂಗಳೂರಿನ ವಕೀಲರಿಗೆ ಕಳಿಸಿದರು. ವಕೀಲರು ಎರಡು ಸಾಲು ಆಚೆ ಈಚೆ ಮಾಡಿ, ತಮ್ಮ ಲೆಟರ್‌ಹೆಡ್‌ಗೆ ಹಾಕಿ, ಸಹಿ ಮಾಡಿ ವಾಪಸ್ ಕಳಿಸಿದರು. ಜೊತೆಗೆ ಬಿಲ್ಲು. ಆ ಬಿಲ್ಲು ನನ್ನ ಅರ್ಧ ತಿಂಗಳ ಸಂಬಳ.

ಅವತ್ತಿಂದ ತಲೆಯಲ್ಲಿ ಇದೇ ಹುಳ. ಕಾನೂನು ಓದಬೇಕು. ಮೂರು ವರ್ಷದ ಎಲ್‌ಎಲ್‌ಬಿಗೆ ಕೆಲಸ ಬಿಡಬೇಕಾಗುತ್ತೆ, ಮನೆ ಸಾಲ ಇದೆ, ಬಿಡಲು ಆಗಲ್ಲ. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಎಂಬಿಎಲ್ (ಮಾಸ್ಟರ್ ಆಫ್ ಬಿಸಿನೆಸ್ ಲಾಸ್) ಅಂತ ಇದೆಯಂತೆ, ಎಲ್‌ಎಲ್‌ಬಿ ಬೇಕಿಲ್ಲ, ಯಾವ ಡಿಗ್ರಿ ಇದ್ದರೂ ಸಾಕಂತೆ. ಈಗ ಫೋನ್ ತೆಗೆದರೆ ಅಮೆರಿಕದ ಯೂನಿವರ್ಸಿಟಿಗಳ ಜಾಹೀರಾತು ಬೇರೆ, ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್ (ಎಂಎಲ್‌ಎಸ್), ಮನೆಯಲ್ಲೇ ಕೂತು ಮಾಡಿ ಅಂತ. ಇವನ್ನು ಮಾಡಿದರೆ ವಕೀಲೆ ಆಗಬಹುದಾ? ಆಗಲ್ಲ ಅಂದರೆ ಯಾವ ಕೆಲಸ ಸಿಗುತ್ತೆ? ತುಮಕೂರಿನಲ್ಲಿ ಕೂತು ಮಾಡಿದರೆ ಬೆಲೆ ಇದೆಯಾ? ಸುಮ್ನೆ ಗೋಡೆಗೆ ಇನ್ನೊಂದು ಸರ್ಟಿಫಿಕೇಟ್ ತೂಗುಹಾಕುವುದು ನನಗೆ ಬೇಡ.

ಕರಿಕೋಟು (ತುಮಕೂರು)

ಮೇಡಂ, ನಾನು ಇಲ್ಲೇ ಕೋರ್ಟಿನಲ್ಲಿ 18 ವರ್ಷದಿಂದ ಇದ್ದೇನೆ. ನೇರವಾಗಿ ಹೇಳುತ್ತೇನೆ.

ಎಂಬಿಎಲ್ ಮಾಡಿದರೆ ವಕೀಲರಾಗುವುದಿಲ್ಲ. ಎಂಎಲ್‌ಎಸ್ ಮಾಡಿದರೂ ಇಲ್ಲ. 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದು (ವಕೀಲಿ ಮಾಡುವ ಪರವಾನಗಿ) ಬೇಕು ಅಂದರೆ ಬಾರ್ ಕೌನ್ಸಿಲ್ ಒಪ್ಪಿದ ಎಲ್‌ಎಲ್‌ಬಿ ಇರಲೇಬೇಕು. ಪದವೀಧರರಿಗೆ ಮೂರು ವರ್ಷದ್ದು, ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಅಂಕ. ದೂರಶಿಕ್ಷಣದ ಎಲ್‌ಎಲ್‌ಬಿ ನಡೆಯುವುದಿಲ್ಲ. ಹಾಜರಿ 70% ಬೇಕು. "ಹಾಜರಿ ನಾವು ನೋಡಿಕೊಳ್ಳುತ್ತೇವೆ, ನೀವು ಪರೀಕ್ಷೆಗೆ ಬನ್ನಿ ಸಾಕು" ಅನ್ನುವವರು ಸಿಗುತ್ತಾರೆ. ಅಂಥವರನ್ನು ನಂಬಿ ಆಮೇಲೆ ಒದ್ದಾಡಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಸನ್ನದಿಲ್ಲದೆ ವಕಾಲತ್ತು ಮಾಡಿದರೆ ಅದೇ ಕಾಯ್ದೆಯ ಸೆಕ್ಷನ್ 45ರಲ್ಲಿ ಆರು ತಿಂಗಳವರೆಗೆ ಜೈಲು ಇದೆ.

ಇನ್ನು ನಿಮಗೆ ಯಾರೂ ಹೇಳಿರಲಾರದ ಮಾತು. ನೀವು ಕಷ್ಟಪಟ್ಟು ಎಲ್‌ಎಲ್‌ಬಿ ಮುಗಿಸಿ, ಸನ್ನದು ತಗೊಂಡು, ಬಾರ್ ಪರೀಕ್ಷೆ ಪಾಸಾದಿರಿ ಅಂತಲೇ ಇಟ್ಟುಕೊಳ್ಳಿ. ಆದರೂ ಅದೇ ಕಾರ್ಖಾನೆಯಲ್ಲಿ ಸಂಬಳಕ್ಕೆ ಇರುವವರೆಗೆ ವಕೀಲಿ ಮಾಡುವ ಹಾಗಿಲ್ಲ. ಬಾರ್ ಕೌನ್ಸಿಲ್ ನಿಯಮ 49. ಪೂರ್ಣಾವಧಿ ನೌಕರಿ ಹಿಡಿದರೆ ಸನ್ನದು ಅಮಾನತಿನಲ್ಲಿ ಇಡಬೇಕು. ಅಂದರೆ ವಕೀಲೆಯಾಗಿ ನಿಮ್ಮ ಸಹಿ ಬೀಳಬೇಕು ಅಂದರೆ ಎಲ್‌ಎಲ್‌ಬಿಯೂ ಬೇಕು, ಕೆಲಸವನ್ನೂ ಬಿಡಬೇಕು. ಎರಡೂ.

ಆದರೆ ನೀವು ಬರೆದಿದ್ದು ಓದಿದಾಗ ನನಗೆ ನಗು ಬಂತು, ನಿಮ್ಮ ಮೇಲಲ್ಲ. ಕಾರ್ಮಿಕ ಇಲಾಖೆಯ ನೋಟಿಸಿಗೆ ಉತ್ತರ ಕೊಡಲು ವಕೀಲರ ಸಹಿ ಬೇಕು ಅಂತ ನಿಮ್ಮ ಮಾಲೀಕರಿಗೆ ಹೇಳಿದವರು ಯಾರು? ಕಾರ್ಖಾನೆಯ ಮ್ಯಾನೇಜರ್ ಸಹಿ ಹಾಕಿ ಕೊಟ್ಟರೆ ಸಾಕು. ನಿಮಗೆ ಅಧಿಕಾರ ಪತ್ರ ಬರೆದುಕೊಟ್ಟರೆ ನೀವೇ ಹಾಕಬಹುದು. ವೃತ್ತಿಬಾಂಧವರ ಹೊಟ್ಟೆಮೇಲೆ ಹೊಡೆಯುತ್ತಿದ್ದೇನೆ, ಇರಲಿ.

ಹಲಸಿನ ತೊಳೆ (ತುಮಕೂರು)

ಸರ್, ನಿಯಮ 49ರ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ. ಒಂಥರಾ ಭಾರ ಇಳಿದ ಹಾಗೂ ಆಯ್ತು, ಹೊಟ್ಟೆ ಉರಿದ ಹಾಗೂ ಆಯ್ತು. ಹಾಗಾದರೆ ನನ್ನಂಥವರು ಕಾನೂನು ಎಷ್ಟೇ ಓದಿದರೂ ಬಾಗಿಲ ಹೊರಗೇ ನಿಲ್ಲಬೇಕು ಅಂತ ತಾನೆ?

ಕರಿಕೋಟು (ತುಮಕೂರು)

ಇಲ್ಲ. ಒಂದು ಬಾಗಿಲಿದೆ, ಅಲ್ಲಿ ಹೊರಗೆ ನಿಲ್ಲುವವನು ನಾನು.

ಕೈಗಾರಿಕಾ ವಿವಾದ ಕಾರ್ಮಿಕ ಅಧಿಕಾರಿ ಮುಂದೆ ರಾಜಿ ಸಂಧಾನಕ್ಕೆ ಬರುತ್ತದಲ್ಲ, ಅಲ್ಲಿ ಯಾವ ಪಕ್ಷದ ಪರವಾಗಿಯೂ ವಕೀಲರು ಕೂರುವ ಹಾಗಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸೆಕ್ಷನ್ 36ರಲ್ಲಿ ಇದು ಇತ್ತು, ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ಆಚೆ ಕಡೆ ಯೂನಿಯನ್‌ನವರು, ಈಚೆ ಕಡೆ ಮ್ಯಾನೇಜ್‌ಮೆಂಟ್ ಕಡೆಯವರು, ಅಂದರೆ ನೀವು. ಕಾರ್ಮಿಕ ನ್ಯಾಯಾಲಯದಲ್ಲೂ ನಾನು ಹಾಜರಾಗಬೇಕಾದರೆ ಎದುರು ಪಕ್ಷ ಒಪ್ಪಬೇಕು, ನ್ಯಾಯಾಲಯ ಬಿಡಬೇಕು. ಎಷ್ಟೋ ಸಲ ನಾನು ಹೊರಗೆ ಬೆಂಚಿನ ಮೇಲೆ ಕೂತು, ಒಳಗೆ ಕಂಪನಿಯ ಎಚ್‌ಆರ್ ಹುಡುಗ ಬೆವರು ಒರೆಸಿಕೊಂಡು, ಐದೈದು ನಿಮಿಷಕ್ಕೆ ಎದ್ದು ಬಂದು "ಸರ್, ಇದಕ್ಕೆ ಏನು ಹೇಳಲಿ" ಅಂತ ಕೇಳಿಕೊಂಡು ಹೋಗಿದ್ದಿದೆ. ಕಾನೂನು ಗೊತ್ತಿರುವ ಎಚ್‌ಆರ್‌ಗೆ ಅಲ್ಲಿ ಇರುವ ಬೆಲೆ ನನ್ನ ಕೋಟಿಗಿಲ್ಲ.

ಡೊಮೆಸ್ಟಿಕ್ ಎನ್‌ಕ್ವೈರಿ, ಅಂದರೆ ಕಾರ್ಮಿಕನ ಮೇಲಿನ ಆರೋಪದ ಬಗ್ಗೆ ಕಂಪನಿ ಒಳಗೇ ನಡೆಸುವ ವಿಚಾರಣೆಯೂ ಅಷ್ಟೇ. ಚಾರ್ಜ್ ಶೀಟ್ ಸರಿಯಾಗಿ ಬರೆಯದೆ, ಕಾರ್ಮಿಕನಿಗೆ ಸಾಕ್ಷಿಯನ್ನು ಪಾಟಿ ಸವಾಲು ಮಾಡಲು ಅವಕಾಶ ಕೊಡದೆ, ನೇರ ಡಿಸ್‌ಮಿಸ್ ಮಾಡಿ ಆಮೇಲೆ ನ್ಯಾಯಾಲಯದಲ್ಲಿ ಸೋತು ಹಿಂದಿನ ಸಂಬಳ ಸಮೇತ ವಾಪಸ್ ತಗೊಂಡ ಕಂಪನಿಗಳು ಬೇಕಾದಷ್ಟಿವೆ. ಆ ಎನ್‌ಕ್ವೈರಿ ನಡೆಸುವುದು ಒಂದು ಕಸುಬು. ಹೊರಗಿನಿಂದ ಎನ್‌ಕ್ವೈರಿ ಆಫೀಸರ್ ಆಗಿ ಹೋಗಿ ದಿನಕ್ಕೆ ಇಷ್ಟು ಅಂತ ತಗೊಳ್ಳುವವರಿದ್ದಾರೆ.

ನರಸಾಪುರ ಎರಡನೇ ಶಿಫ್ಟ್ (ಕೋಲಾರ)

ಅಕ್ಕ, ನಾನು ಎಂಬಿಎಲ್ ಮುಗಿಸಿದವನು, ಆದ್ದರಿಂದ ಬಾಯಿ ಹಾಕುತ್ತೇನೆ. ನಾನು ಮೆಕ್ಯಾನಿಕಲ್ ಎಂಜಿನಿಯರ್, ನರಸಾಪುರದಲ್ಲಿ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೆ. ಎರಡು ವರ್ಷದ ಕೋರ್ಸು. ಒಪ್ಪಂದಗಳ ಕಾನೂನು, ಕಂಪನಿ ಕಾನೂನು, ಕಾರ್ಮಿಕ ಕಾನೂನು, ಬ್ಯಾಂಕಿಂಗ್, ತೆರಿಗೆ, ಬೌದ್ಧಿಕ ಆಸ್ತಿ, ಹೀಗೆ. ಓದುವುದು ಜಾಸ್ತಿ. ದೂರಶಿಕ್ಷಣ ಅಂದರೆ ಸುಲಭ ಅಂದುಕೊಂಡು ಸೇರಿ ಮೊದಲ ವರ್ಷವೇ ಕೈಬಿಟ್ಟ ಇಬ್ಬರನ್ನು ನಾನೇ ಬಲ್ಲೆ. ಫೀಸು ವರ್ಷ ವರ್ಷ ಬದಲಾಗುತ್ತೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಉಪಯೋಗ ಏನಾಯ್ತು ಅಂದರೆ, ಒಂದೇ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಪರ್ಚೇಸ್ ಆರ್ಡರಿನಲ್ಲಿ ವರ್ಷಾನುಗಟ್ಟಲೆಯಿಂದ ಒಂದು ಸಾಲು ಇತ್ತು, "ಹಣ ಪಾವತಿ 90 ದಿನಕ್ಕೆ". ಮಾಲೂರಿನ ಕಡೆಯ ಸಣ್ಣ ಸಣ್ಣ ಶೆಡ್ಡುಗಳಿಂದ ಬ್ರಾಕೆಟ್, ವಾಷರ್ ತರಿಸುತ್ತಿದ್ದೆವು, ಅವರೆಲ್ಲ ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದವರು. ಪರೀಕ್ಷೆಗೆ ಓದುವಾಗ ಸಣ್ಣ ಉದ್ಯಮಗಳ ಬಗ್ಗೆ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಸಿಕ್ಕಿತು. ಸೆಕ್ಷನ್ 15: ಇಂಥ ಸಣ್ಣ ಘಟಕಗಳಿಗೆ, ಬರಹದಲ್ಲಿ ಏನೇ ಒಪ್ಪಂದ ಇರಲಿ, 45 ದಿನ ದಾಟುವ ಹಾಗಿಲ್ಲ. ದಾಟಿದರೆ ಸೆಕ್ಷನ್ 16ರ ಪ್ರಕಾರ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ನಾನು ರಾತ್ರಿ ಒಂದು ಗಂಟೆಗೆ ಪುಸ್ತಕ ಮುಚ್ಚಿ ಎಕ್ಸೆಲ್ ತೆಗೆದೆ. ನಮ್ಮ ಬಾಕಿ ಪಟ್ಟಿ ನೋಡಿ ನಿದ್ದೆ ಬರಲಿಲ್ಲ. ಬೆಳಗ್ಗೆ ಫೈನಾನ್ಸ್ ಮುಖ್ಯಸ್ಥರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದು "ಇದನ್ನು ಬೇರೆ ಯಾರಿಗಾದರೂ ಹೇಳಿದೆಯಾ?"

ಆ ಸಾಲು ಹೋಯ್ತು. ಒಂದೂವರೆ ವರ್ಷದ ಮೇಲೆ ನನ್ನನ್ನು ಕಾಂಟ್ರಾಕ್ಟ್ಸ್ ವಿಭಾಗಕ್ಕೆ ಹಾಕಿದರು. ಈಗ ನನ್ನ ಕೆಲಸ ಅಗ್ರಿಮೆಂಟ್ ಓದುವುದು: ದಂಡದ ಷರತ್ತು ಎಷ್ಟಿದೆ, ಜಗಳವಾದರೆ ಪಂಚಾಯ್ತಿ ಬೆಂಗಳೂರಿನಲ್ಲೋ ಸಿಂಗಪುರದಲ್ಲೋ, ಮಾಲು ಕೆಟ್ಟರೆ ಯಾರ ತಲೆಗೆ. ವಕೀಲರಿಗೆ ಕಾನೂನು ಗೊತ್ತು, ಆದರೆ ಡೈ ಸವೆದರೆ ಅಳತೆ ಹೆಂಗೆ ತಪ್ಪುತ್ತೆ ಅಂತ ಗೊತ್ತಿಲ್ಲ. ನನಗೆ ಎರಡೂ ಅರ್ಧರ್ಧ ಗೊತ್ತು. ಅದಕ್ಕೇ ಸಂಬಳ.

ಒಂದು ನಿಜ ಹೇಳಬೇಕು. ಡಿಗ್ರಿ ತೋರಿಸಿ ಹೊಸ ಕೆಲಸ ಹುಡುಕಿದಾಗ ಯಾರೂ ಕೇರ್ ಮಾಡಲಿಲ್ಲ. ನಾಲ್ಕು ಕಡೆ "ಎಲ್‌ಎಲ್‌ಬಿ ಇದೆಯಾ?" ಅಂತಲೇ ಕೇಳಿದರು. ಇದ್ದ ಕಡೆಯೇ ಕೆಲಸಕ್ಕೆ ಬಂದಿದ್ದು.

ಮಧುಗಿರಿ ಬೆಟ್ಟ

ನನ್ನ ಕಥೆ ಕೇಳಿ, ನಗಬೇಡಿ. "ವಕೀಲರಲ್ಲದವರಿಗೂ ಎಲ್‌ಎಲ್‌ಎಂ" (ಎಲ್‌ಎಲ್‌ಬಿ ಆದ ಮೇಲೆ ಮಾಡುವ ಮಾಸ್ಟರ್ಸ್) ಅಂತ ಒಂದು ಜಾಹೀರಾತು ನೋಡಿ ದುಡ್ಡು ಕಟ್ಟಿದೆ. ಹನ್ನೆರಡು ವಿಡಿಯೋ, ಒಂದು ಆನ್‌ಲೈನ್ ಪರೀಕ್ಷೆ, ಬಂಗಾರದ ಅಂಚಿನ ಸರ್ಟಿಫಿಕೇಟ್. ಆಫೀಸಿನಲ್ಲಿ ಬಡ್ತಿಗೆ ಅರ್ಜಿ ಜೊತೆ ಇಟ್ಟಾಗ ಅವರು ಯಾವ ಯೂನಿವರ್ಸಿಟಿ ಅಂತ ಕೇಳಿದರು. ಯೂನಿವರ್ಸಿಟಿಯೇ ಇರಲಿಲ್ಲ! ಆಮೇಲೆ ಗೊತ್ತಾಯ್ತು, ಎಲ್‌ಎಲ್‌ಬಿ ಇಲ್ಲದವರಿಗೆ ಕೊಡುವ ಪದವಿಗೆ ಎಲ್‌ಎಲ್‌ಎಂ ಅಂತ ಹೆಸರಿಡುವ ಹಾಗೇ ಇಲ್ಲ ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಹೆಸರು ನೋಡಿದಾಗಲೇ ಅನುಮಾನ ಬರಬೇಕಿತ್ತು. ಸರ್ಟಿಫಿಕೇಟ್ ಚೆನ್ನಾಗಿದೆ, ಈಗ ಕ್ಯಾಲೆಂಡರ್ ಹಿಂದೆ ಇದೆ.

ರೇಷ್ಮೆಗೂಡು (ಶಿಡ್ಲಘಟ್ಟ)

ಇಲ್ಲಿ ಎಲ್ಲರೂ ಕಾರ್ಖಾನೆ, ಕೋರ್ಟು ಅಂತಲೇ ಮಾತಾಡುತ್ತಿದ್ದೀರಿ. ಎಲ್‌ಎಲ್‌ಬಿ ಇಲ್ಲದೆ, ಮಾಸ್ಟರ್ಸೂ ಇಲ್ಲದೆ, ಕಾನೂನಿನ ಕಾಗದಕ್ಕೆ ನಿಮ್ಮದೇ ಸಹಿ ಹಾಕುವ ಒಂದು ಕೆಲಸ ಇದೆ. ಪೇಟೆಂಟ್ ಏಜೆಂಟ್, ಅಂದರೆ ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ಹಾಕುವವರು. ನಾನು ಎಂ.ಎಸ್‌ಸಿ ರಸಾಯನಶಾಸ್ತ್ರ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 126 ಪ್ರಕಾರ ಭಾರತದ ಪ್ರಜೆ ಆಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಪಾಸಾಗಬೇಕು. ಎರಡು ಲಿಖಿತ ಪತ್ರಿಕೆ, ಒಂದು ಮೌಖಿಕ. ಲಿಖಿತ ಪತ್ರಿಕೆ ಒಂದೊಂದರಲ್ಲೂ 50%, ಒಟ್ಟಾರೆ 60%. ನಾನು ಮೊದಲ ಸಲ ಫೇಲು. ಎರಡನೇ ಪತ್ರಿಕೆಯಲ್ಲಿ ಸ್ಪೆಸಿಫಿಕೇಶನ್, ಅಂದರೆ ಆವಿಷ್ಕಾರದ ಪೂರ್ತಿ ವಿವರಣೆ ಬರೆಯಬೇಕು, ಅದು ಬಾಯಿಪಾಠ ಮಾಡುವಂಥದ್ದಲ್ಲ.

ಆಮೇಲೆ ನಾನು ಒಂದು ರಾಷ್ಟ್ರೀಯ ಕಾನೂನು ವಿವಿಯಲ್ಲಿ ಬೌದ್ಧಿಕ ಆಸ್ತಿ ಹಕ್ಕಿನ ಪಿಜಿ ಡಿಪ್ಲೊಮಾ ಮಾಡಿದೆ, ಒಂದು ವರ್ಷ. ಪರೀಕ್ಷೆಗೆ ಅದು ಬೇಕಿಲ್ಲ. ಕೆಲಸಕ್ಕೆ ಬಂತು.

ನಮ್ಮ ದೊಡ್ಡಪ್ಪನ ಕಥೆ ಹೇಳಿದರೆ ಗೊತ್ತಾಗುತ್ತೆ. ಅವರದ್ದು ನೂಲು ಬಿಚ್ಚಾಣಿಕೆ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡಿನ ಎಳೆ ಪದೇ ಪದೇ ತುಂಡಾಗದಿರಲಿ ಅಂತ ತಾವೇ ಒಂದು ಸಣ್ಣ ಜೋಡಣೆ ಮಾಡಿದ್ದರು. ಚೆನ್ನಾಗಿತ್ತು, ನಿಜವಾಗಿಯೂ ಹೊಸದು. "ಮಗಳೇ, ಇದಕ್ಕೆ ಪೇಟೆಂಟ್ ಮಾಡಿಸು" ಅಂದರು. ಯಾರಿಗಾದರೂ ತೋರಿಸಿದ್ದೀರಾ ದೊಡ್ಡಪ್ಪ ಅಂದೆ. ಹೆಮ್ಮೆಯಿಂದ ಫೋನ್ ತೆಗೆದು ಯೂಟ್ಯೂಬ್ ವಿಡಿಯೋ ತೋರಿಸಿದರು, ಅಳತೆ ಸಮೇತ ವಿವರಿಸಿದ್ದಾರೆ, ಹಾಕಿ ಎಂಟು ತಿಂಗಳಾಗಿತ್ತು. ಮುಗೀತು. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ಹೇಳಿದ ಮೇಲೆ ಅದು ಕಾನೂನಿನ ಕಣ್ಣಿಗೆ ಹೊಸದಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳ ರಿಯಾಯ್ತಿ ಇದೆ, ಯೂಟ್ಯೂಬಿಗೆ ಇಲ್ಲ. ದೊಡ್ಡಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು, ವಿಡಿಯೋ ನಾನೇ ಹಾಕಿದ ಹಾಗೆ.

ಹಲಸಿನ ತೊಳೆ ಅಕ್ಕ, ನಿಮ್ಮದು ಬಿ.ಕಾಂ, ಆದ್ದರಿಂದ ಪೇಟೆಂಟ್ ಆಗಲ್ಲ. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆಗೆ ಯಾವ ಪದವಿ ಆದರೂ ನಡೆಯುತ್ತೆ. ಬಿ.ಕಾಂ ಇರುವವರಿಗೆ ಕಂಪನಿ ಸೆಕ್ರೆಟರಿ ಕೋರ್ಸಂತೂ ಎಂಬಿಎಲ್‌ಗಿಂತ ಗಟ್ಟಿ ದಾರಿ ಅಂತ ನನ್ನ ಅಭಿಪ್ರಾಯ, ಆದರೆ ಅದು ಹೊಂಡ. ಇಳಿದರೆ ವರ್ಷಗಟ್ಟಲೆ.

ಬೇತಮಂಗಲದ ಹುಡುಗ

ಅಮೆರಿಕದ ಜಾಹೀರಾತಿನ ಬಗ್ಗೆ ನಾನು ಹೇಳುತ್ತೇನೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಆಸ್ಪತ್ರೆಯ ಡೇಟಾ ಕೆಲಸ. ಇಲ್ಲೇ ಎಂಎಲ್‌ಎಸ್ ಮಾಡಿದೆ, ಫೀಸಿನ ದೊಡ್ಡ ಪಾಲು ಕೆಲಸದವರೇ ಕೊಟ್ಟರು. ನಾನೇ ಕಟ್ಟಬೇಕಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಇಲ್ಲಿ ಇದಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಎಂಎಲ್‌ಎಸ್, ಎಂಎಸ್‌ಎಲ್, ಜ್ಯೂರಿಸ್ ಮಾಸ್ಟರ್. ಸಾಮಾನ್ಯವಾಗಿ 30 ಕ್ರೆಡಿಟ್ ಆಸುಪಾಸು, ಪೂರ್ಣಾವಧಿ ಆದರೆ ಒಂದು ವರ್ಷ. ವಕೀಲರಾಗಲು ಬೇಕಾದ್ದು ಮೂರು ವರ್ಷದ ಜೆಡಿ ಅನ್ನುವ ಕಾನೂನು ಪದವಿ. ಎಂಎಲ್‌ಎಸ್ ಹಿಡಿದುಕೊಂಡು ಬಾರ್ ಪರೀಕ್ಷೆಗೆ ಕೂರಲು ಬರುವುದಿಲ್ಲ, ಇದನ್ನು ಕಾಲೇಜುಗಳೂ ಬರೆದಿರುತ್ತವೆ, ಸಣ್ಣ ಅಕ್ಷರದಲ್ಲಿ. ಓದುವವರು ಯಾರು ಅಂದರೆ ನರ್ಸುಗಳು, ಎಚ್‌ಆರ್‌ನವರು, ಬ್ಯಾಂಕಿನವರು, ಪೊಲೀಸರು, ಪತ್ರಕರ್ತರು. ಸುಪ್ರೀಂ ಕೋರ್ಟ್ ವರದಿಗೆ ಹೆಸರಾದ ನ್ಯೂಯಾರ್ಕ್ ಟೈಮ್ಸ್‌ನ ಲಿಂಡಾ ಗ್ರೀನ್‌ಹೌಸ್ ವಕೀಲೆ ಅಲ್ಲ. 1978ರಲ್ಲಿ ಯೇಲ್‌ನಲ್ಲಿ ಇಂಥದೇ ಒಂದು ಮಾಸ್ಟರ್ಸ್ ಮಾಡಿದವರು, 1998ರಲ್ಲಿ ಪುಲಿಟ್ಜರ್ ಬಂತು.

ನನ್ನ ಕೆಲಸ ರೋಗಿಗಳ ದಾಖಲೆ ಯಾರು ತೆಗೆದರು, ಯಾಕೆ ತೆಗೆದರು ಅಂತ ನೋಡುವುದು. ಇಲ್ಲಿ ರೋಗಿಗಳ ಮಾಹಿತಿ ಗೋಪ್ಯವಾಗಿಡಲು 1996ರ ಹಿಪಾ ಅಂತ ಕಾನೂನಿದೆ. ಅದು ನಿಮಗೆ ತುಮಕೂರಿನಲ್ಲಿ ಯಾವ ಕೆಲಸಕ್ಕೂ ಬರಲ್ಲ ಅಕ್ಕ. ಇಎಸ್‌ಐ, ಪಿಎಫ್ ಬಗ್ಗೆ ಇವರು ಒಂದಕ್ಷರ ಹೇಳಿಕೊಡುವುದಿಲ್ಲ. ನೀವು ಅಮೆರಿಕದ ಕಂಪನಿಗೆ ಬೆಂಗಳೂರಿನಲ್ಲಿ ಕೂತು ಡೇಟಾ ಕಂಪ್ಲಯನ್ಸ್ ಮಾಡುವವರಾಗಿದ್ದರೆ ಮಾತು ಬೇರೆ. ಲಕ್ಷಗಟ್ಟಲೆ ಸಾಲ ಮಾಡಿ ಬೇರೆ ಊರಿನ ಬಸ್ಸಿನ ಟೈಮ್‌ಟೇಬಲ್ ಬಾಯಿಪಾಠ ಮಾಡಿದ ಹಾಗೆ ಆಗುತ್ತೆ.

ಕರಿಕೋಟು (ತುಮಕೂರು)

ಬೇತಮಂಗಲದ ಹುಡುಗ ಹೇಳಿದ್ದಕ್ಕೆ ನನ್ನದೂ ಒಂದು ವೋಟು.

ಮೇಡಂ, ಇನ್ನೊಂದು ಬಿಟ್ಟುಹೋಗಿತ್ತು. ನಿಮ್ಮದು ಎಂಎಸ್‌ಡಬ್ಲ್ಯೂ ಅಂದಿರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನ ಇದ್ದ ಕಡೆಯೆಲ್ಲ ಆಂತರಿಕ ಸಮಿತಿ ಬೇಕು, ಅದಕ್ಕೆ ಹೊರಗಿನ ಒಬ್ಬ ಸದಸ್ಯರು ಬೇಕು. ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರಾಗಬಹುದು, ಈ ವಿಷಯ ಬಲ್ಲವರೂ ಆಗಬಹುದು. ಬಲ್ಲವರು ಅಂದರೆ ಯಾರು ಅಂತ ನಿಯಮದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೇಳಿದ್ದಾರೆ, ಇಲ್ಲಿಗೂ ಅದನ್ನೇ ನೋಡಬಹುದು: ಮಹಿಳೆಯರ ಸಬಲೀಕರಣದಲ್ಲಿ ಐದು ವರ್ಷ ಅನುಭವ ಇರುವ ಸಮಾಜ ಕಾರ್ಯಕರ್ತರು, ಇಲ್ಲವೇ ಕಾರ್ಮಿಕ, ಸೇವಾ, ಸಿವಿಲ್ ಅಥವಾ ಕ್ರಿಮಿನಲ್ ಕಾನೂನು ಗೊತ್ತಿರುವವರು. ವಕೀಲರೇ ಆಗಬೇಕು ಅಂತ ಇಲ್ಲ. ಕಾನೂನಿನ ಒಂದು ಮಾಸ್ಟರ್ಸ್ ಇದ್ದರೆ ಆ ಕುರ್ಚಿ ಕೇಳಲು ಬಾಯಿ ಬರುತ್ತೆ. ವಸಂತನರಸಾಪುರದಲ್ಲಿ ಎಷ್ಟು ಶೆಡ್ಡಿದೆ ಅಂತ ನೀವೇ ಎಣಿಸಿ. ದೂರಿನ ವಿಚಾರಣೆಯ ವರದಿಗೆ ಸಮಿತಿಯ ಸದಸ್ಯರು ಸಹಿ ಹಾಕುತ್ತಾರೆ, ಅದರಲ್ಲಿ ನಿಮ್ಮದೂ ಒಂದು.

ಮತ್ತೆ, ಓದುವುದಾದರೆ ಹೊಸದನ್ನೇ ಓದಿ. 2025ರ ನವೆಂಬರ್ 21ರಿಂದ 29 ಕಾಯ್ದೆ ಹೋಗಿ ನಾಲ್ಕು ಸಂಹಿತೆ ಬಂದಿವೆ. ನೀವು ರಾತ್ರಿ ಕೂತು ಓದಿದ 1970ರ ಕಾಯ್ದೆಯೂ ಅದರಲ್ಲಿ ಹೋಯ್ತು. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯ ಆಗುತ್ತಿತ್ತು, ಈಗ 50. ನಿಮ್ಮ ಕ್ಯಾಂಟೀನಿನ 26 ಜನ ಇವತ್ತು ಬಂದು ಗೇಟಿನಲ್ಲಿ ಕೂತರೆ ಉತ್ತರ ಎಲ್ಲಿಂದ ಶುರು ಮಾಡುತ್ತೀರಿ, ಯೋಚನೆ ಮಾಡಿ.

ಹಲಸಿನ ತೊಳೆ (ತುಮಕೂರು)

ಸರ್, ನಿಮ್ಮ ಕೊನೇ ಸಾಲು ಓದಿ ರಾತ್ರಿ ಮತ್ತೆ ಹುಡುಕಾಡಿದೆ. ಗುತ್ತಿಗೆದಾರರ ಭಾಗದಲ್ಲಿ ಸಿಗದಿದ್ದರೆ ಆ ನಾಲ್ಕರಲ್ಲೇ ಒಂದಾದ ವೇತನ ಸಂಹಿತೆಯ ಕಡೆಯಿಂದ ಹಿಡಿಯಬಹುದೇನೋ ಅನ್ನಿಸುತ್ತಿದೆ. ಪೂರ್ತಿ ಓದಿ ಮುಗಿಸಿ ಇಲ್ಲೇ ಬರೆಯುತ್ತೇನೆ, ತಪ್ಪಿದ್ದರೆ ಬೈಯಿರಿ.

ಅಮೆರಿಕದ್ದು ಬಿಟ್ಟೆ. ಎಲ್‌ಎಲ್‌ಬಿ ಸದ್ಯಕ್ಕೆ ಬೇಡ, ಮಗಳು ಹೈಸ್ಕೂಲಿಗೆ ಬಂದ ಮೇಲೆ ನೋಡೋಣ. ಎಂಬಿಎಲ್‌ಗೆ ಈ ವರ್ಷದ ಪ್ರಕಟಣೆ ಬಂದ ಕೂಡಲೇ ಅರ್ಜಿ ಹಾಕುತ್ತೇನೆ. ನಿನ್ನೆ ಎಂ.ಡಿ. ಹತ್ತಿರ ಹೋಗಿ ಎರಡು ಕೇಳಿದೆ. ಒಂದು, ಫೀಸು ಅರ್ಧ ಕಂಪನಿ ಕೊಡಬೇಕು. ಯೋಚನೆ ಮಾಡಿ ಹೇಳುತ್ತೇನೆ ಅಂದರು, ಅಂದರೆ ಇಲ್ಲ ಅಂತ. ಎರಡನೆಯದು ಅಧಿಕಾರ ಪತ್ರ, ಇಲಾಖೆಯ ನೋಟಿಸುಗಳಿಗೆ ನಾನೇ ಉತ್ತರ ಕೊಡುವ ಹಾಗೆ. ಅದಕ್ಕೆ "ತಪ್ಪಾದರೆ?" ಅಂದರು. ಹೋದ ಸಲದ ವಕೀಲರ ಬಿಲ್ಲನ್ನು ಫೈಲಿನಿಂದ ತೆಗೆದು, ಪಕ್ಕದಲ್ಲಿ ನನ್ನ ಕರಡು ಇಟ್ಟು ತೋರಿಸಿದೆ. ಎರಡೂ ಕಾಗದ ತುಂಬ ಹೊತ್ತು ನೋಡಿದರು. ಸೋಮವಾರ ಪತ್ರ ಟೈಪ್ ಮಾಡಿ ತಗೊಂಡು ಬಾ ಅಂದಿದ್ದಾರೆ.

ನರಸಾಪುರದ ತಮ್ಮ, ನಾಗರಭಾವಿಗೆ ತುಮಕೂರಿನಿಂದ ಬೆಳಗಿನ ಟ್ರೇನಿನಲ್ಲಿ ಯಶವಂತಪುರಕ್ಕೆ ಇಳಿದು ಬಸ್ ಹಿಡಿಯುವುದು ಒಳ್ಳೆಯದಾ, ಇಲ್ಲ ನೇರ ಬಸ್ಸೇ ವಾಸಿನಾ? ಯಾರಾದರೂ ಹೋಗಿ ಬಂದವರಿದ್ದರೆ ಹೇಳಿ.